ಎರಡನೇ ನೀರು

ಚೀನಾದಲ್ಲಿ ಲು ಯು ಎಂಬ ಪುಣ್ಯಾತ್ಮನೊಬ್ಬನಿದ್ದ. ಹುಟ್ಟಿದ್ದು 733ರಲ್ಲಿ, ತೀರಿಕೊಂಡದ್ದು 804ರಲ್ಲಿ. ಟೀ ಕುರಿತು ಮೊದಲ ಪುಸ್ತಕ ಬರೆದವನೆಂದು ಇವನಿಗೆ ಇವತ್ತಿಗೂ ಪೂಜೆ ಸಲ್ಲುತ್ತದೆ. ಎಲೆ, ಒಲೆ, ಇದ್ದಿಲು, ಬಟ್ಟಲು ಎಲ್ಲದರ ಜಾತಕ ಬರೆದವನು ನೀರನ್ನೂ ಬಿಡಲಿಲ್ಲ. ಬೆಟ್ಟದ ನೀರು ಉತ್ತಮ, ಹೊಳೆ ನೀರು ಮಧ್ಯಮ, ಬಾವಿ ನೀರು ಕಟ್ಟಕಡೆಗೆ ಎಂದು ತೀರ್ಪು ಕೊಟ್ಟು ಕೈತೊಳೆದುಕೊಂಡ. ನಾಗಮಂಗಲ ತಾಲ್ಲೂಕಿನ ದೇವಲಾಪುರದಲ್ಲಿ ಕೂತು ಇದನ್ನು ಓದುವವನಿಗೆ ನಗು ಬರಬೇಕೋ ಸಿಟ್ಟು ಬರಬೇಕೋ ಗೊತ್ತಾಗುವುದಿಲ್ಲ. ಹೊಳೆಗಳೆಲ್ಲ ಪಕ್ಕದ ತಾಲ್ಲೂಕಿನವು. ಕಾವೇರಿ ಶ್ರೀರಂಗಪಟ್ಟಣದವರದು, ಹೇಮಾವತಿ ಕೆ.ಆರ್. ಪೇಟೆಯವರದು, ವಿಶ್ವೇಶ್ವರಯ್ಯ ನಾಲೆ ಪಾಂಡವಪುರ, ಮಂಡ್ಯದವರದು. ನಮ್ಮ ಕೆರೆಗಳಿಗೆ ಹೇಮಾವತಿ ನಾಲೆಯ ನೀರು ಬಿಟ್ಟ ವರ್ಷ ಜನ ಏರಿಯ ಮೇಲೆ ನಿಂತು ನೋಡುತ್ತಾರೆ. ಉಳಿದಂತೆ ನಮ್ಮದು ರಾಗಿ, ಹುರುಳಿ, ತೆಂಗಿನ ಸೀಮೆ. ನಮ್ಮ ಪಾಲಿಗೆ ಬಂದದ್ದು ಬಾವಿ. ಬಾವಿ ಬತ್ತಿದ ಮೇಲೆ ಬೋರ್‌ವೆಲ್. ಲು ಯು ಬೋರ್‌ವೆಲ್ ಲಾರಿ ನೋಡಿರಲಿಲ್ಲ. ನೋಡಿದ್ದರೆ ಬಾವಿಯ ಕೆಳಗೆ ಇನ್ನೊಂದು ದರ್ಜೆ ಸೇರಿಸುತ್ತಿದ್ದನೋ ಏನೋ.

ಇಂಥ ಊರಿನಲ್ಲಿ ಕೂತು ನಾನು ದಿನಾ ಮಧ್ಯಾಹ್ನ ಊಲಾಂಗ್ ಟೀ ಮಾಡಿಕೊಂಡು ಕುಡಿಯುತ್ತೇನೆ. ಮೇಷ್ಟ್ರ ಕೆಲಸದಿಂದ ನಿವೃತ್ತನಾದವನಿಗೆ ಇಷ್ಟು ವಿಲಾಸ ಇರಲಿ ಎಂದು ಮನೆಯವರು ಸುಮ್ಮನಿದ್ದಾರೆ.

ನಮ್ಮ ಮನೆಯಲ್ಲಿ ಮೊದಲು ಟೀ ಇರಲಿಲ್ಲ, ಕಾಫಿ ಇತ್ತು. ಕಾಫಿ ಎಂದರೆ ಹಿತ್ತಾಳೆ ಫಿಲ್ಟರಿನಿಂದ ತೊಟ್ಟಿಕ್ಕುವ ಡಿಕಾಕ್ಷನ್, ನೊರೆಯುಕ್ಕುವ ಲೋಟ, ಇವೆಲ್ಲ ಅಲ್ಲ. ಅದು ಮೈಸೂರಿನವರ ಕಾಫಿ. ನಮ್ಮದು ಬೆಲ್ಲದ ಕಾಫಿ. ದೊಡ್ಡ ಪಾತ್ರೆಯಲ್ಲಿ ನೀರಿಟ್ಟು, ಸಂತೆಯಿಂದ ತಂದ ಅಚ್ಚುಬೆಲ್ಲವನ್ನು ಜಜ್ಜಿ ಹಾಕಿ, ಚಿಕೋರಿ ಬೆರೆತ ಪುಡಿ ಉದುರಿಸಿ, ಕುದಿ ಬಂದಮೇಲೆ ಹಳೇ ಪಂಚೆಯ ತುಂಡಿನಲ್ಲಿ ಸೋಸುವುದು. ಬೆಲ್ಲದ ಜೊತೆ ಕುದಿಸಿದರೆ ಹಾಲು ಒಡೆಯುತ್ತದೆ. ಅದಕ್ಕೇ ಹಾಲನ್ನು ಕೊನೆಗೆ, ಒಲೆಯಿಂದ ಇಳಿಸಿದ ಮೇಲೆ ಬೆರೆಸುತ್ತಿದ್ದರು. ಬೆರೆಸುವಷ್ಟು ಹಾಲು ಇದ್ದರೆ.

ಸೋಸಿ ಉಳಿದ ಚರಟವನ್ನು ಎಸೆಯುವ ಪಾಪವನ್ನು ನಮ್ಮ ಅಜ್ಜಿ ಎಂದೂ ಮಾಡಲಿಲ್ಲ. ಅದಕ್ಕೆ ಮತ್ತೆ ನೀರು, ಮತ್ತೊಂದು ತುಂಡು ಬೆಲ್ಲ. ಮೊದಲನೇ ನೀರು ಅಜ್ಜನಿಗೆ ಮತ್ತು ಬಂದ ನೆಂಟರಿಗೆ. ಎರಡನೇ ನೀರು ಹೆಂಗಸರಿಗೆ, ಮಕ್ಕಳಿಗೆ. ಮೂರನೇ ನೀರು, ಬಣ್ಣಕ್ಕಷ್ಟೇ ಕಾಫಿ ಎನ್ನಬಹುದಾದದ್ದು, ಹೊಲಕ್ಕೆ ಬಂದ ಆಳುಗಳಿಗೆ. ಅವರ ಲೋಟವೂ ಬೇರೆ. ಅದು ಕೊಟ್ಟಿಗೆಯ ಸೂರಿನಲ್ಲಿ ಸಿಕ್ಕಿಸಿರುತ್ತಿತ್ತು. ಕುಡಿದವರು ತಾವೇ ತೊಳೆದು ಅಲ್ಲೇ ಸಿಕ್ಕಿಸಿ ಹೋಗಬೇಕು. ಇದು ಸರಿಯಲ್ಲ ಎಂದು ನಮ್ಮ ಮನೆಯಲ್ಲಿ ಒಬ್ಬರಾದರೂ ಬಾಯಿಬಿಟ್ಟು ಹೇಳಿದ್ದು ನನಗೆ ನೆನಪಿಲ್ಲ. ಒಂದೇ ಪಾತ್ರೆಯ ಕಾಫಿ ಮನೆಯೊಳಗಿಂದ ಕೊಟ್ಟಿಗೆಗೆ ಹೋಗುವಷ್ಟರಲ್ಲಿ ಮೂರು ಜಾತಿಯಾಗುತ್ತಿತ್ತು. ನನಗೆ ಎರಡನೇ ನೀರಿನ ರುಚಿ ನಾಲಗೆಯಲ್ಲಿ ಕೂತುಬಿಟ್ಟಿದೆ. ಮೊದಲನೇ ನೀರನ್ನು ನಾನು ಕುಡಿದದ್ದು ಎಸ್ಸೆಸ್ಸೆಲ್ಸಿ ಪಾಸಾದ ದಿನ, ಅಜ್ಜನ ಪಕ್ಕದಲ್ಲಿ ಕೂರಿಸಿಕೊಂಡು ಕೊಟ್ಟಾಗ.

ಟೀ ನಮ್ಮ ಮನೆಗೆ ಬಂದದ್ದು ಬೊಂಬಾಯಿಯಿಂದ, ಚಿಕ್ಕಪ್ಪನ ಜೊತೆ. ಮಳೆ ಕೈಕೊಟ್ಟ ವರ್ಷಗಳಲ್ಲಿ ಕೆ.ಆರ್. ಪೇಟೆ, ನಾಗಮಂಗಲದ ಹುಡುಗರು ಬೊಂಬಾಯಿ ರೈಲು ಹತ್ತುವುದು ಹೊಸ ಸುದ್ದಿಯೇನಲ್ಲ. ಹೋಟೆಲಿನಲ್ಲಿ ಲೋಟ ತೊಳೆದರು, ಟ್ಯಾಕ್ಸಿ ಓಡಿಸಿದರು, ಕೆಲವರು ಸ್ವಂತ ಹೋಟೆಲನ್ನೂ ಇಟ್ಟರು. ಚಿಕ್ಕಪ್ಪ ಲೋಟ ತೊಳೆಯುವುದರಿಂದ ಶುರುಮಾಡಿ, ಒಂದು ರೈಲು ನಿಲ್ದಾಣದ ಹೊರಗೆ ಟೀ ಗಾಡಿ ಇಡುವಷ್ಟು ಮೇಲೆ ಬಂದವನು. ಊರಹಬ್ಬಕ್ಕೆ ಬಂದಾಗ ಶುಂಠಿ ಜಜ್ಜಿ, ಏಲಕ್ಕಿ ಕುಟ್ಟಿ, ಹಾಲು ಉಕ್ಕುವುದನ್ನು ಸೌಟಿನಲ್ಲಿ ಎತ್ತಿ ಇಳಿಸಿ, ಅರ್ಧ ಗ್ಲಾಸಿನ ಕಟಿಂಗ್ ಚಾಯ್ ಮಾಡಿ ಹಂಚುತ್ತಿದ್ದ. ಅಜ್ಜಿ ಅಭ್ಯಾಸಬಲದಿಂದ ಅದರ ಚರಟಕ್ಕೂ ನೀರು ಹಾಕಿ ಕುದಿಸಿ ನೋಡಿದಳು. ಏನೂ ಇರಲಿಲ್ಲ. ಕಂದು ಬಣ್ಣದ ಬಿಸಿನೀರು. "ನಿನ್ ಬೊಂಬಾಯಿ ಟೀಸೊಪ್ಪು ಒಂದೇ ನೀರಿಗೆ ಸತ್ತೋಯ್ತಲ್ಲೋ" ಎಂದಳು.

ಅಜ್ಜಿ ತನಗೇ ಗೊತ್ತಿಲ್ಲದೆ ಇಡೀ ಭಾರತದ ಟೀ ಉದ್ಯಮದ ಗುಟ್ಟನ್ನು ಹೇಳಿದ್ದಳು. ನಮ್ಮ ಅಂಗಡಿಗಳ ಟೀಪುಡಿ ಸಿ.ಟಿ.ಸಿ. ಎಂಬ ಜಾತಿಯದು. 1930ರ ದಶಕದ ಆರಂಭದಲ್ಲಿ ಅಸ್ಸಾಮಿನ ತೋಟವೊಂದರಲ್ಲಿ ವಿಲಿಯಂ ಮೆಕರ್ಚರ್ ಎಂಬಾತ ರೂಪಿಸಿದ ಯಂತ್ರ, ಹಲ್ಲಿರುವ ಎರಡು ಉರುಳೆಗಳ ನಡುವೆ ಎಲೆಯನ್ನು ಜಜ್ಜಿ, ಹರಿದು, ಸುರುಳಿಸಿ ಕಾಳು ಮಾಡುತ್ತದೆ. ಎಲೆಯ ಒಡಲೆಲ್ಲ ಹೊರಗೆ ಬಂದಿರುತ್ತದೆ. ಬಿಸಿನೀರು ತಾಗಿದೊಡನೆ ಬಣ್ಣ, ಖಡಕ್ಕು, ಒಗರು ಎಲ್ಲವನ್ನೂ ಒಂದೇ ಸಲ ಕೊಟ್ಟುಬಿಡುತ್ತದೆ. ಹಾಲು, ಸಕ್ಕರೆ ಸೇರಿದರೂ ಸೋಲದ ಟೀ ಬೇಕೆನ್ನುವ, ಕಡಿಮೆ ಕಾಸಿನಲ್ಲಿ ಹೆಚ್ಚು ಲೋಟ ಬೇಕೆನ್ನುವ ನಾಡಿಗೆ ಹೇಳಿಮಾಡಿಸಿದ ಪುಡಿ. ನಾನು ಅದನ್ನು ಹಳಿಯುವವನಲ್ಲ. ಬಸ್ಸಿಗೆ ಕಾಯುವಾಗ, ಬೈಟು ಹೇಳಿ, ಗೆಳೆಯನ ಜೊತೆ ನಿಂತು ಕುಡಿಯುವ ಟೀ ಅದೇ ಆಗಿರಬೇಕು. ಊಲಾಂಗನ್ನು ಬೈಟು ಕುಡಿಯುವುದಕ್ಕಾಗುವುದಿಲ್ಲ.

ಊಲಾಂಗ್ ಬಂದದ್ದು ಇನ್ನೂ ದೂರದಿಂದ. ತಮ್ಮನ ಮಗಳು ತೈವಾನಿನ ಸಿಂಚು ಊರಿನ ತ್ಸಿಂಗ್ ಹುವಾ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಳೆ. 1980ರಲ್ಲಿ ಅಲ್ಲಿ ವಿಜ್ಞಾನ ಪಾರ್ಕ್ ಶುರುವಾದ ಮೇಲೆ ಚಿಪ್ಪುಗಳ ಊರೆಂದು ಹೆಸರಾದ ಜಾಗ ಅದು. ರಜೆಗೆ ಬಂದವಳು ಒತ್ತಿ ಗಾಳಿ ತೆಗೆದು ಕಟ್ಟಿದ ಎರಡು ಪೊಟ್ಟಣ ಕೈಗಿಟ್ಟಳು. ಒಂದೊಂದೂ 150 ಗ್ರಾಂ. ಅಲ್ಲಿ ಈಗಲೂ ಟೀಯನ್ನು 600 ಗ್ರಾಮಿನ ಹಳೇ ತೂಕದಲ್ಲೇ ಮಾರುತ್ತಾರಂತೆ, ಇದು ಅದರ ಕಾಲುಭಾಗ. ನಮ್ಮವರು ಸೇರು, ಪಾವು ಬಿಟ್ಟು ಎಷ್ಟು ಕಾಲವಾಯಿತು!

"ದೊಡ್ಡಪ್ಪ, ಕುದಿಸ್ಬೇಡಿ. ಹಾಲು ಬೇಡ. ಸಕ್ಕರೆನೂ ಬೇಡ" ಅಂದಳು.

"ಮತ್ತೆ ಟೀ ಮಾಡೋದು ಹೆಂಗೆ?"

"ಸುಮ್ನೆ ಬಿಡ್ಬೇಕು."

ಹುಡುಗಿ ಮಾಡಿಕೊಟ್ಟದ್ದನ್ನು ಅವ್ವ ಒಂದು ಗುಟುಕು ಕುಡಿದು, ಲೋಟವನ್ನು ಬೆಳಕಿಗೆ ಹಿಡಿದು ನೋಡಿದಳು. "ಇದೇನವ್ವಾ, ಸೊಪ್ಪು ಬೇಯ್ಸಿ ಬಸ್ದಿರೋ ಕಟ್ಟಿದ್ದಂಗದೆ. ವಸಿ ಉಪ್ಪು ಖಾರ ಹಾಕುದ್ರೆ ಬಸ್ಸಾರಾಯ್ತದೆ." ಮೊಮ್ಮಗಳಿಗೆ ನಗು. ಆದರೆ ಮಂಡ್ಯದ ಹೆಂಗಸಿನ ಬಾಯಲ್ಲಿ ಬಸ್ಸಾರು ಬೈಗುಳವಲ್ಲ. ಸೊಪ್ಪಿನ ಸಾರವೆಲ್ಲ ನೀರಿಗಿಳಿದಿರುತ್ತದೆ, ಆ ನೀರನ್ನು ಚೆಲ್ಲಬಾರದು ಎಂದು ತಿಳಿದವರು ಕಂಡುಕೊಂಡ ಅಡುಗೆ ಅದು. ಅವ್ವ ಆಮೇಲೆ ಲೋಟ ಖಾಲಿ ಮಾಡಿದಳು ಎಂಬುದನ್ನೂ ಹೇಳಬೇಕು.

ಹಸಿರು ಟೀ, ಕಪ್ಪು ಟೀ, ಊಲಾಂಗ್ ಮೂರೂ ಒಂದೇ ಗಿಡದ ಎಲೆಗಳು. ಎಲೆಯನ್ನು ಕಿತ್ತ ಮೇಲೆ ಗಾಳಿಯೊಡನೆ ಎಷ್ಟು ಹೊತ್ತು ಬಿಟ್ಟರು ಎಂಬುದರಲ್ಲಿ ವ್ಯತ್ಯಾಸ. ಹೆಚ್ಚಿಟ್ಟ ಬದನೆಕಾಯಿ ಕಪ್ಪಾಗುವುದು ಯಾವ ಕ್ರಿಯೆಯಿಂದಲೋ ಅದೇ ಕ್ರಿಯೆ ಎಲೆಯಲ್ಲೂ ನಡೆಯುತ್ತದೆ. ಹಸಿರು ಟೀಯಲ್ಲಿ ಅದನ್ನು ಶುರುವಿಗೇ ಬಿಸಿಯಿಂದ ತಡೆಯುತ್ತಾರೆ. ಕಪ್ಪಿನಲ್ಲಿ ಪೂರ್ತಿ ಆಗಗೊಡುತ್ತಾರೆ. ಊಲಾಂಗಿನಲ್ಲಿ ಎಲೆಯನ್ನು ಬಿಸಿಲಿಗೆ ಬಾಡಿಸಿ, ಬಿದಿರಿನ ಮೊರದಲ್ಲಿ ಮೆಲ್ಲಗೆ ಕುಲುಕಿ, ಅಂಚುಗಳಷ್ಟೇ ಗಾಯಗೊಳ್ಳುವಂತೆ ಮಾಡಿ, ವಾಸನೆ ನೋಡುತ್ತ ಕಾಯುತ್ತಾರೆ. ಮತ್ತೆ ಕುಲುಕು, ಮತ್ತೆ ಕಾಯು. ರಾತ್ರಿಯೆಲ್ಲ ಇದೇ ಕೆಲಸ. ಅಂಚು ಕೆಂಪಾಗಿ ನಡುವೆ ಹಸಿರು ಉಳಿದಿರುವಾಗ, ಮಾಡುವವನಿಗೆ ಸಾಕೆನ್ನಿಸಿದ ಗಳಿಗೆಯಲ್ಲಿ ಬಿಸಿ ಬಾಣಲೆಗೆ ಬೀಳುತ್ತದೆ. ಕೆಲವನ್ನು ಶೇ. 10-15ರಷ್ಟು ಮಾಗುವಾಗಲೇ ನಿಲ್ಲಿಸುತ್ತಾರೆ, ಕೆಲವನ್ನು ಶೇ. 70ರವರೆಗೆ ಬಿಡುತ್ತಾರೆ. ಹಾಗಾಗಿ ಊಲಾಂಗ್ ಎಂದು ಒಂದೇ ರುಚಿ ಇಲ್ಲ.

ಇದರ ತವರು ಚೀನಾದ ಫುಜಿಯಾನ್ ಪ್ರಾಂತ್ಯ, ಅದರಲ್ಲೂ ವೂಯಿ ಬೆಟ್ಟಗಳು ಮತ್ತು ಆನ್ಶಿ. ಅಲ್ಲಿಂದ ಸಮುದ್ರ ದಾಟಿ ತೈವಾನಿಗೆ ಹೋಯಿತು. ಜಾನ್ ಡಾಡ್ ಎಂಬ ಬ್ರಿಟಿಷ್ ವ್ಯಾಪಾರಿ, ಲಿ ಚುನ್‌ಶೆಂಗ್ ಎಂಬ ಚೀನೀ ಪಾಲುಗಾರನ ಜೊತೆ ಸೇರಿ ಆನ್ಶಿಯ ಗಿಡ ತರಿಸಿ, ರೈತರಿಗೆ ಸಾಲ ಕೊಟ್ಟು ಬೆಳೆಸಿ, 1869ರಲ್ಲಿ ಎರಡು ಹಡಗು ತುಂಬಿ ನೇರ ನ್ಯೂಯಾರ್ಕಿಗೆ ಕಳಿಸಿದ. 'ಫಾರ್ಮೋಸ ಊಲಾಂಗ್' ಅಮೆರಿಕದವರಿಗೆ ಹಿಡಿಸಿತು. ಮುಂದೆ ನಮ್ಮ ಅಸ್ಸಾಮು, ಸಿಲೋನಿನ ಕಪ್ಪು ಟೀ ಅದನ್ನು ಅಂಗಡಿಗಳ ಹಿಂದಿನ ಸಾಲಿಗೆ ತಳ್ಳಿದ್ದು ಬೇರೆ ಕಥೆ.

ಹುಡುಗಿ ತಂದ ಪೊಟ್ಟಣಗಳಲ್ಲಿ ಒಂದು ಸಿಂಚುವಿನ ಪಕ್ಕದ ಬೇಪು ಎಂಬ ಹಕ್ಕಾ ಜನರ ಊರಿನದು. ಪ್ರಪಂಚಕ್ಕೆ ಅದು 'ಓರಿಯೆಂಟಲ್ ಬ್ಯೂಟಿ'. ಊರಿನವರು ಇಟ್ಟ ಹೆಸರು ಬೊಗಳೆ ಟೀ. ಜಿಗಿಹುಳು ಬಿದ್ದು ಹಾಳಾದ ಬೆಳೆಯನ್ನು ಎಸೆಯಲು ಮನಸ್ಸು ಬಾರದೆ ಟೀ ಮಾಡಿ ಮಾರಲು ಹೋದವನು, ಒಳ್ಳೆಯ ಟೀಗಿಂತ ದುಪ್ಪಟ್ಟು ದುಡ್ಡು ಸಿಕ್ಕಿತೆಂದು ಬಂದು ಹೇಳಿದಾಗ ಊರವರು ನಂಬದೆ ಬೊಗಳೆ ಬಿಡುತ್ತಾನೆ ಎಂದರಂತೆ. ಕಥೆ ಹೇಗಾದರೂ ಇರಲಿ, ಹುಳು ನಿಜ. ಬೇಸಿಗೆಯ ಜೂನ್, ಜುಲೈನಲ್ಲಿ ಸಣ್ಣ ಹಸಿರು ಜಿಗಿಹುಳುಗಳು ಚಿಗುರಿನ ರಸ ಹೀರುತ್ತವೆ. ಚಿಗುರು ಮುರುಟಿ ಹಳದಿಗೆ ತಿರುಗುತ್ತದೆ. ಕಚ್ಚಿಸಿಕೊಂಡ ಎಲೆ ತನ್ನ ರಕ್ಷಣೆಗೆಂದು ಕೆಲವು ಪರಿಮಳ ದ್ರವ್ಯಗಳನ್ನು ಹುಟ್ಟಿಸುತ್ತದೆ. ಟೀಯಲ್ಲಿ ಬರುವ ಜೇನಿನ ವಾಸನೆ ಆ ದ್ರವ್ಯಗಳದ್ದು. ಡಾರ್ಜಿಲಿಂಗಿನ ಎರಡನೇ ಕೊಯ್ಲಿನ ಘಮಕ್ಕೂ ಇಂಥ ಹುಳುಗಳದ್ದೇ ಉಪಕಾರ. ಹುಳು ಬೇಕಾದ್ದರಿಂದ ಆ ತೋಟಗಳಿಗೆ ಔಷಧಿ ಹೊಡೆಯುವ ಹಾಗಿಲ್ಲ. ಬೆಂಡೆಗೆ ಜಿಗಿಹುಳು ಬಿತ್ತೆಂದು ಬೆಳಗ್ಗೆ ಎದ್ದು ಸ್ಪ್ರೇ ಕ್ಯಾನು ಬೆನ್ನಿಗೇರಿಸುವ ನಮ್ಮ ತಮ್ಮನಿಗೆ ಇದನ್ನು ಹೇಳಿದರೆ, "ಅವ್ರ ಹುಳುಗೆ ಬುದ್ಧಿ ಅದೆ, ನಮ್ಮವುಕ್ಕೆ ಇಲ್ಲ" ಎಂದ.

ಪೊಟ್ಟಣ ಮುಗಿದ ಮೇಲೆ ಏನು? ಅಭ್ಯಾಸ ಹತ್ತಿದ ಮೇಲೆ ಹುಡುಕಲೇಬೇಕು. ಮೈಸೂರಿನ ದೊಡ್ಡ ಅಂಗಡಿಗಳಲ್ಲಿ ಊಲಾಂಗ್ ಎಂದು ಬರೆದ ಟೀ ಬ್ಯಾಗುಗಳು ಸಿಗುತ್ತವೆ. ಬ್ಯಾಗಿನೊಳಗೆ ಇರುವುದು ಹೆಚ್ಚಾಗಿ ಎಲೆಯ ಚೂರು, ಹುಡಿ. ಮೊದಲ ನೀರಿಗೇ ಸುಸ್ತಾಗುತ್ತದೆ. ನಾನು ಈಗ ನೋಡುವುದು ಇಷ್ಟು: ಎಲೆ ಇಡಿಯಾಗಿರಬೇಕು. ಉಂಡೆ ಕಟ್ಟಿದ ಜಾತಿಯಾದರೆ ಉಂಡೆಗಳು ಬಿಗಿಯಾಗಿ, ಕೈಗೆ ಭಾರವಾಗಿ ಸಿಗಬೇಕು; ಉದ್ದಕ್ಕೆ ಹೊಸೆದ ಜಾತಿಯಾದರೆ ತಳದಲ್ಲಿ ಪುಡಿ ಉದುರಿರಬಾರದು. ಎಲ್ಲಿಯದು, ಯಾವ ಕೊಯ್ಲು, ಹುರಿದದ್ದೋ ಹುರಿಯದ್ದೋ ಎಂಬುದನ್ನು ಮಾರುವವನು ಹೇಳಬೇಕು. ಪೊಟ್ಟಣ ಬಿಚ್ಚುತ್ತಿದ್ದಂತೆ ಹಾಲು, ಹಣ್ಣಿನ ವಾಸನೆ ಮೂಗಿಗೆ ಹೊಡೆದರೆ ಅದು ಬಹುತೇಕ ಮೇಲಿಂದ ಸೇರಿಸಿದ ಪರಿಮಳ. ಎಲೆಯ ಸ್ವಂತ ವಾಸನೆ ಬಿಸಿ ಬಟ್ಟಲಿಗೆ ಬಿದ್ದ ಮೇಲೆಯೇ ಬಾಯಿಬಿಡುವುದು. ಹೊಸಬರು ಹುರಿದ ಜಾತಿಯಿಂದ ಶುರುಮಾಡಿದರೆ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಕಾಫಿ ಕುಡಿದು ಬೆಳೆದ ನಾಲಗೆಗೆ ಅದು ಬೇಗ ಒಗ್ಗುತ್ತದೆ. ತೈವಾನಿನ ಡೊಂಗ್‌ಡಿಂಗ್, ವೂಯಿಯ ಬಂಡೆ ಟೀಗಳು ಆ ಕಡೆಯವು. ತೂಕ ಇಳಿಯುತ್ತದೆಯೇ ಎಂದು ಕೇಳುವವರು ಬಹಳ ಜನ. ನನ್ನ ಹೊಟ್ಟೆ ನೋಡಿ ಅವರೇ ತೀರ್ಮಾನಿಸಿಕೊಳ್ಳಬಹುದು.

ಹತ್ತಿರದಲ್ಲೇ ಬೇಕೆಂದರೆ ನೀಲಗಿರಿ ಇದೆ. ನಮ್ಮ ರಾಜ್ಯದಲ್ಲೂ ಚಿಕ್ಕಮಗಳೂರು ಜಿಲ್ಲೆಯ ಕೆಳಗೂರಿನಂಥ ಕಡೆ ಟೀ ತೋಟಗಳಿವೆ. ಆದರೆ ದೇವಲಾಪುರದಿಂದ ಟೀ ನೋಡಲು ಹೊರಟವರು ಮೈಸೂರು, ಗುಂಡ್ಲುಪೇಟೆ, ಬಂಡೀಪುರ ದಾಟಿ ಗೂಡಲೂರಿನ ಮೇಲೆ ಊಟಿಗೇ ಹೋಗುವುದು. ಶಾಲೆಯ ಮಕ್ಕಳನ್ನು ಟೂರಿಗೆ ಕರೆದುಕೊಂಡು ನಾನು ಆ ದಾರಿಯಲ್ಲಿ ಎಷ್ಟು ಸಲ ಹೋಗಿದ್ದೇನೋ. ದಾರಿಯಲ್ಲಿ ಸಿಗುವ ನಡುವಟ್ಟಂನಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷರು ಚೀನೀ ಕೈದಿಗಳನ್ನು ತಂದು ಇರಿಸಿ ಸಿಂಕೋನ ತೋಟದಲ್ಲಿ ದುಡಿಸಿದ್ದರು. ಟೀ ಮಾಡುವ ಕೈಚಳಕ ನೀಲಗಿರಿಗೆ ಅವರಿಂದ ಬಂತೆಂದು ಅಲ್ಲಿಯವರು ಹೇಳುತ್ತಾರೆ. ಈಗ ಅಲ್ಲಿ ಚಿಕ್ಕ ಹಿಡುವಳಿಗಳಲ್ಲಿ ಟೀ ಬೆಳೆಯುವವರಲ್ಲಿ ಬಹುಪಾಲು ಬಡಗರು. ಮೈಸೂರು ಸೀಮೆಯಿಂದ ಬೆಟ್ಟ ಹತ್ತಿದವರು ತಾವು ಎಂಬುದು ಅವರ ನಂಬಿಕೆ. ಕೋಟಗಿರಿಯ ಅಂಗಡಿಯೊಂದರಲ್ಲಿ ಬಡಗ ಹೆಂಗಸೊಬ್ಬರು ಮಗಳ ಜೊತೆ ಮಾತಾಡುತ್ತಿದ್ದರೆ ಅರ್ಧಕ್ಕರ್ಧ ನನಗೆ ತಿಳಿಯಿತು. ನಾನು ಕನ್ನಡದಲ್ಲಿ ಕೇಳಿದೆ, ಅವರು ಬಡಗದಲ್ಲಿ ಉತ್ತರಿಸಿದರು, ವ್ಯಾಪಾರ ನಡೆಯಿತು. ನೀಲಗಿರಿಯ ಬಹುಪಾಲು ಎಲೆ ಇವತ್ತಿಗೂ ಸಿ.ಟಿ.ಸಿ. ಯಂತ್ರಕ್ಕೇ ಹೋಗುತ್ತದೆ. ಕೆಲವು ತೋಟಗಳು ಮಾತ್ರ ಕೈಕೆಲಸದ ಊಲಾಂಗ್ ಮಾಡುತ್ತವೆ. ಡಿಸೆಂಬರಿನಿಂದ ಫೆಬ್ರವರಿಯವರೆಗೆ, ಇಬ್ಬನಿ ಹೆಪ್ಪುಗಟ್ಟುವ ಚಳಿಯಲ್ಲಿ ಗಿಡ ನಿಧಾನವಾಗಿ ಚಿಗುರುವಾಗ ಕಿತ್ತ ಎಲೆಗೆ ಅಲ್ಲಿ ಹೆಚ್ಚು ಬೆಲೆ, ಹೆಚ್ಚು ಘಮ.

ತಂದ ಟೀಯನ್ನು ಎಲ್ಲಿಡುವುದು ಎಂಬುದು ನಮ್ಮಂಥ ಮನೆಗಳಲ್ಲಿ ದೊಡ್ಡ ಸಮಸ್ಯೆ. ಗಾಳಿ, ಬೆಳಕು, ಬಿಸಿ, ತೇವ, ವಾಸನೆ ಐದೂ ಟೀಗೆ ಆಗದವು. ಅಡುಗೆಮನೆಯಲ್ಲಿ ಐದೂ ಒಟ್ಟಿಗೇ ಸಂಸಾರ ಮಾಡುತ್ತಿರುತ್ತವೆ. ಸಾರಿನಪುಡಿ ಹುರಿದ ದಿನ ಹಿತ್ತಿಲವರೆಗೆ ಘಾಟು. ಮೂಲೆಯ ಮಡಕೆಯಲ್ಲಿ ಕರಿಮೀನು, ಗೂಡಿನಲ್ಲಿ ಇಂಗಿನ ಡಬ್ಬಿ. ಒಣಗಿದ ಟೀ ಎಲೆ ಸುತ್ತಲಿನ ವಾಸನೆಯನ್ನು ಹೀರಿಕೊಳ್ಳುವುದರಲ್ಲಿ ನಿಸ್ಸೀಮ. ಚೀನೀಯರು ಮಲ್ಲಿಗೆಯ ಪಕ್ಕ ಇಟ್ಟು ಮಲ್ಲಿಗೆ ಟೀ ಮಾಡುವುದು ಈ ಗುಣದಿಂದಲೇ. ಕರಿಮೀನಿನ ಪಕ್ಕ ಇಟ್ಟರೆ ಏನಾದೀತು ಊಹಿಸಿಕೊಳ್ಳಿ. ಬಟ್ಟೆಯ ಬೀರುವಿನಲ್ಲಿ ಇಡೋಣವೆಂದರೆ ಅಲ್ಲಿ ನುಸಿಗುಳಿಗೆ. ದೇವರಮನೆಯಲ್ಲಿ ಕರ್ಪೂರ, ಊದುಬತ್ತಿ. ಹಾರ್ಲಿಕ್ಸ್ ಬಾಟಲಿ ನಮ್ಮ ಮನೆಗಳ ಸಕಲ ಸಾಮಾನಿನ ತವರು, ಆದರೆ ಗಾಜಿನೊಳಗೆ ಬೆಳಕು ಬೀಳುತ್ತದೆ.

ಗಾಳಿಯಾಡದಂತೆ ಇಡುವ ವಿದ್ಯೆಯನ್ನು ನಮ್ಮೂರಿಗೆ ಯಾರೂ ಹೊರಗಿನಿಂದ ಬಂದು ಕಲಿಸಬೇಕಾಗಿಲ್ಲ. ರಾಗಿಯನ್ನು ಹಗೇವಿನಲ್ಲಿ ಇಟ್ಟವರು ನಾವು. ಗಟ್ಟಿನೆಲದಲ್ಲಿ ಹೂಜಿಯಾಕಾರಕ್ಕೆ ತೋಡಿದ ಗುಂಡಿ, ಬಾಯಿ ಚಿಕ್ಕದು, ಒಡಲು ದೊಡ್ಡದು. ಸುತ್ತ ಹುಲ್ಲು ಹಾಸಿ, ರಾಗಿ ತುಂಬಿ, ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಹುಳು ಬೀಳದೆ ಇರುತ್ತಿತ್ತು. ಬರಗಾಲದಲ್ಲಿ ಹಗೇವು ತೆಗೆಯುವ ದಿನ ಅಜ್ಜ ಯಾರನ್ನೂ ಹತ್ತಿರ ಬಿಡುತ್ತಿರಲಿಲ್ಲ. ಬಾಯಿ ತೆರೆದು ಗಾಳಿಯಾಡಲು ಬಿಟ್ಟು, ಹಗ್ಗದಲ್ಲಿ ದೀಪ ಇಳಿಬಿಟ್ಟು, ಆರದೆ ಉರಿದರೆ ಮಾತ್ರ ಆಳು ಇಳಿಯಬೇಕು. ಒಳಗೆ ಉಸಿರಾಡಲು ಗಾಳಿಯೇ ಇಲ್ಲದಿದ್ದರಿಂದ ರಾಗಿ ಕೆಡುತ್ತಿರಲಿಲ್ಲ, ಇಳಿದವನು ಸಾಯಬಹುದಿತ್ತು. ಮೊದಲು ಇಳಿಯುತ್ತಿದ್ದವರು ಮೂರನೇ ನೀರು ಕುಡಿಯುತ್ತಿದ್ದವರೇ.

ನನ್ನ ಟೀಗೆ ಹಗೇವು ಬೇಕಿಲ್ಲ. ಒಳಮುಚ್ಚಳ, ಹೊರಮುಚ್ಚಳ ಎರಡೂ ಇರುವ ತಗಡಿನ ಡಬ್ಬಿ, ಅದರೊಳಗೆ ಬಂದ ಪೊಟ್ಟಣವನ್ನೇ ಮಡಿಚಿ ಕ್ಲಿಪ್ ಹಾಕಿ, ಪುಸ್ತಕದ ಬೀರುವಿನ ಕೆಳಗಿನ ಖಾನೆಯಲ್ಲಿ ಇಡುತ್ತೇನೆ. ಡಬ್ಬಿ ಎಷ್ಟು ತುಂಬಿದ್ದರೆ ಅಷ್ಟು ಒಳ್ಳೆಯದು, ಖಾಲಿ ಜಾಗವೆಂದರೆ ಗಾಳಿ. ಕಡಿಮೆ ಮಾಗಿದ, ಹಸಿರು ಛಾಯೆಯ ಊಲಾಂಗಿಗೆ ಆಯುಸ್ಸು ಕಡಿಮೆ. ಒಡೆಯದ ಪೊಟ್ಟಣವನ್ನು ಫ್ರಿಜ್ಜಿನಲ್ಲಿ ಇಡಬಹುದು, ಆದರೆ ಹೊರತೆಗೆದ ಮೇಲೆ ಮನೆಯ ಬಿಸಿಗೆ ಬರುವವರೆಗೆ ಬಿಚ್ಚಬಾರದು. ಬಿಚ್ಚಿದರೆ ತಣ್ಣನೆಯ ಎಲೆಯ ಮೇಲೆ ನೀರಿನ ಪಸೆ ಕೂರುತ್ತದೆ. ಚೆನ್ನಾಗಿ ಹುರಿದ ಜಾತಿ ವರ್ಷ ಕಳೆದರೂ ಕೊರಗುವುದಿಲ್ಲ. ಮಳೆಗಾಲದಲ್ಲಿ ಸ್ವಲ್ಪ ಮಂಕಾದರೆ ಒಣ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಕೈಯಾಡಿಸಿದರೆ ಮತ್ತೆ ಎದ್ದು ಕೂರುತ್ತದೆ. ಚೀನಾ, ತೈವಾನ್‌ಗಳಲ್ಲಿ ಹಳೇ ಊಲಾಂಗನ್ನು ಹೀಗೆ ಆಗಾಗ ಇದ್ದಿಲ ಕಾವಿಗೆ ಹಿಡಿದು ದಶಕಗಟ್ಟಲೆ ಇಡುವವರಿದ್ದಾರೆ.

ನೀರಿನ ಮಾತಿಗೆ ಬರೋಣ. ನಮ್ಮ ಬೋರ್‌ವೆಲ್ ನೀರು ಬೇಳೆ ಬೇಯದ ನೀರು. ಅದರಲ್ಲಿ ಟೀ ಮಾಡಿದರೆ ಮೇಲೆ ಎಣ್ಣೆಯಂತೆ ತೆಳ್ಳಗೆ ಪೊರೆ ಕಟ್ಟುತ್ತದೆ, ಬಣ್ಣ ಕಪ್ಪಿಡುತ್ತದೆ, ಘಮ ಸಾಯುತ್ತದೆ. ನೀರಿನೊಳಗಿನ ಸುಣ್ಣದ ಅಂಶ ಟೀಯ ಒಗರಿನೊಡನೆ ಸೇರಿ ಮಾಡುವ ಕಿತಾಪತಿ ಅದು. ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ನಾಣ್ಯ ಹಾಕಿ ತರುವ 20 ಲೀಟರ್ ಕ್ಯಾನಿನ ನೀರಿನಲ್ಲಿ ಆ ದೋಷವಿಲ್ಲ. ಆದರೆ ಎಲ್ಲವನ್ನೂ ಸೋಸಿ ತೆಗೆದ ನೀರು ಸಪ್ಪೆ, ಟೀಯೂ ಸಪ್ಪೆ. ಮುಕ್ಕಾಲು ಘಟಕದ ನೀರು, ಕಾಲು ಬೋರಿನ ನೀರು ಬೆರೆಸಿದರೆ ನನಗೆ ಸರಿಹೋಗುತ್ತದೆ. ಮಳೆಗಾಲದಲ್ಲಿ, ಮೊದಲೆರಡು ಮಳೆ ಹೆಂಚು ತೊಳೆದುಹೋದ ಮೇಲೆ ಹಿಡಿದ ನೀರಿನ ಟೀಗೆ ಸಾಟಿಯಿಲ್ಲ. ಲು ಯುವಿನ ಪಟ್ಟಿಯಲ್ಲಿ ಮಳೆನೀರು ಇರಲಿಲ್ಲ, ಅದು ನಮ್ಮ ಸೇರ್ಪಡೆ.

ಕಾಯಿಸುವುದರ ಬಗ್ಗೆಯೂ ಅವನು ಬರೆದಿದ್ದಾನೆ. ಮೀನಿನ ಕಣ್ಣಿನಷ್ಟು ಗುಳ್ಳೆ ಎದ್ದು ಸಣ್ಣಗೆ ಸದ್ದಾದರೆ ಒಂದನೇ ಕುದಿ, ಅಂಚಿನಲ್ಲಿ ಮುತ್ತು ಪೋಣಿಸಿದಂತೆ ಎದ್ದರೆ ಎರಡನೆಯದು, ಅಲೆ ಹೊಡೆದರೆ ಮೂರನೆಯದು. ಅದನ್ನು ಮೀರಿದ ನೀರು ಮುದಿಯಾಯಿತು. ನಾನು ಇದನ್ನು ಅವ್ವನಿಗೆ ಓದಿ ಹೇಳಿದೆ. ಮುದ್ದೆಯ ಎಸರಿನ ಸದ್ದನ್ನು ನಡುಮನೆಯಲ್ಲಿ ಕೂತೇ ಕೇಳಿ, ಹಿಟ್ಟು ಹಾಕುವ ಹೊತ್ತು ಹೇಳುವವಳು ಅವಳು. "ಇದುನ್ನೂ ಬರ್ದಿಡ್ಬೇಕಾಗಿತ್ತಾ?" ಎಂದಳು. ಅಂದಿನಿಂದ ನೀರಿನ ಇಲಾಖೆ ಅವಳದ್ದು. ಉಂಡೆಯ ಊಲಾಂಗಿಗೆ ಮರಳುವ ನೀರು, ಬೇಪುವಿನ ಜಿಗಿಹುಳು ಟೀಗೆ ಕುದಿದು ಸ್ವಲ್ಪ ಆರಿದ, 85ರಿಂದ 90 ಡಿಗ್ರಿಯ ನೀರು. ಥರ್ಮಾಮೀಟರ್ ತಂದಿಟ್ಟಿದ್ದೇನೆ, ಅವ್ವ ನಕ್ಕಾಳೆಂದು ತೆಗೆಯುವುದಿಲ್ಲ.

ತೈವಾನಿನವರು ಮುಚ್ಚಳವಿರುವ ಪುಟ್ಟ ಪಿಂಗಾಣಿ ಬಟ್ಟಲಿನಲ್ಲಿ ಮಾಡುತ್ತಾರೆ. 100 ಮಿಲಿಲೀಟರ್ ನೀರಿಗೆ 5 ಗ್ರಾಂ ಎಲೆ, ನಮ್ಮ ಕಣ್ಣಿಗೆ ದುಂದು. ಬಟ್ಟಲನ್ನು ಬಿಸಿನೀರಿನಲ್ಲಿ ತೊಳೆದು, ಎಲೆ ಹಾಕಿ, ನೀರು ಸುರಿದು, ಮುಚ್ಚಿ, ಉಂಡೆಯಾದರೆ ಮುಕ್ಕಾಲು ನಿಮಿಷದಿಂದ ಒಂದು ನಿಮಿಷ. ಅಷ್ಟೇ. ಪೂರ್ತಿ ಬಗ್ಗಿಸಿಬಿಡಬೇಕು, ಎಲೆಯನ್ನು ನೀರಿನಲ್ಲಿ ನೆನೆಯಲು ಬಿಡಬಾರದು. ಎರಡನೇ ಸಲಕ್ಕೆ ಇನ್ನೂ ಕಡಿಮೆ ಹೊತ್ತು ಸಾಕು, ಯಾಕೆಂದರೆ ಎಲೆ ಆಗಲೇ ಬಿಚ್ಚಿಕೊಂಡಿದೆ. ಆಮೇಲೆ ಪ್ರತಿ ಸಲ ಹತ್ತೋ ಹದಿನೈದೋ ಸೆಕೆಂಡು ಹೆಚ್ಚಿಸುತ್ತ ಹೋಗುವುದು. ಒಳ್ಳೆಯ ಎಲೆ ಐದಾರು ನೀರಿಗೆ ಸೋಲುವುದಿಲ್ಲ. ಕೆಲವರು ಮೊದಲನೇ ನೀರನ್ನು ಎಲೆ ತೊಳೆದದ್ದೆಂದು ಚೆಲ್ಲಿಯೇಬಿಡುತ್ತಾರೆ. ಅಜ್ಜನ ಪಾಲಿನ ನೀರು ಮೋರಿಗೆ! ರುಚಿ ತುಂಬಿ ಬರುವುದು ಎರಡು, ಮೂರನೇ ನೀರಿನಲ್ಲಿ. ಬಟ್ಟಲು, ಗಡಿಯಾರ ಬೇಡವೆನ್ನುವವರು ದೊಡ್ಡ ಲೋಟದಲ್ಲಿ 200 ಮಿಲಿಲೀಟರಿಗೆ 3 ಗ್ರಾಂ ಹಾಕಿ ಮೂರು ನಿಮಿಷ ತಟ್ಟೆ ಮುಚ್ಚಿಟ್ಟು ಸೋಸಿಕೊಳ್ಳಬಹುದು. ಹಾಗೆ ಮಾಡಿದರೂ ಎರಡು ಸಲ ಧಾರಾಳ ಬರುತ್ತದೆ.

ಬೇಪುವಿನ ಟೀ ಮನೆಯೊಂದರಿಂದ ಹುಡುಗಿ ಒಮ್ಮೆ ವಿಡಿಯೊ ಕರೆ ಮಾಡಿ ತೋರಿಸಿದಳು. ಟೀ ಮಾಡುವ ಹೆಂಗಸು ಬಟ್ಟಲಿನಿಂದ ನೇರವಾಗಿ ಯಾರ ಲೋಟಕ್ಕೂ ಸುರಿಯುವುದಿಲ್ಲ. ಮೊದಲು ಒಂದು ಜಗ್ಗಿಗೆ ಬಗ್ಗಿಸಿ, ಅಲ್ಲಿಂದ ಎಲ್ಲರ ಪುಟ್ಟ ಲೋಟಗಳಿಗೆ ಹಂಚುತ್ತಾಳೆ. ನೇರ ಸುರಿದರೆ ಮೊದಲನೆಯವನಿಗೆ ತೆಳು, ಕೊನೆಯವನಿಗೆ ಗಟ್ಟಿ. ಜಗ್ಗಿನಲ್ಲಿ ಬೆರೆತ ಮೇಲೆ ಎಲ್ಲರಿಗೂ ಒಂದೇ. ಆ ಪಾತ್ರೆಗೆ ಅವರಲ್ಲಿ ನ್ಯಾಯದ ಬಟ್ಟಲು ಎಂಬ ಅರ್ಥದ ಹೆಸರೇ ಇದೆಯಂತೆ. ಮನೆಯ ಯಜಮಾನ, ಇವಳು, ಇವಳ ಗೆಳತಿ, ತೋಟದಿಂದ ಬುಟ್ಟಿ ಇಳಿಸಿ ಬಂದು ಕೂತ ಎಲೆ ಕೀಳುವ ಮುದುಕಿ, ನಾಲ್ವರಿಗೂ ಒಂದೇ ಜಗ್ಗಿನಿಂದ, ಒಂದೇ ಅಳತೆಯ ಲೋಟದಲ್ಲಿ. ಫೋನನ್ನು ಅವ್ವನ ಕೈಗೆ ಕೊಟ್ಟೆ. ಅವಳು ಆ ಮುದುಕಿಯನ್ನೇ ನೋಡುತ್ತ, "ಅವಮ್ಮನ್ ಲೋಟ ಯಾರವ್ವಾ ತೊಳೆಯೋರು?" ಎಂದು ಕೇಳಿದಳು. "ಎಲ್ಲಾ ಲೋಟನೂ ಒಟ್ಟಿಗೇ ತೊಳೀತಾರಜ್ಜಿ" ಎಂದಿತು ಹುಡುಗಿ. ಅವ್ವ ಫೋನು ವಾಪಸು ಕೊಟ್ಟಳು.

ಚಿಕ್ಕಪ್ಪ ಈಗ ಊರಿನಲ್ಲೇ ಇದ್ದಾನೆ. 2020ರ ಮೇ ತಿಂಗಳಲ್ಲಿ, ಕೊರೊನಾ ಭಯಕ್ಕೆ ಮುಂಬೈಯಿಂದ ಬಂದವರನ್ನು ಹಾಸ್ಟೆಲು, ಶಾಲೆಗಳಲ್ಲಿ ಇಳಿಸಿ, ಊರಿನ ಜನ ದೂರದಿಂದ ನೋಡುತ್ತಿದ್ದ ದಿನಗಳಲ್ಲಿ ಬಂದವನು ತಿರುಗಿ ಹೋಗಲಿಲ್ಲ. ಮಧ್ಯಾಹ್ನ ನನ್ನ ಟೀ ಹೊತ್ತಿಗೆ ಸರಿಯಾಗಿ ಬಂದು ಜಗುಲಿಯ ಮೇಲೆ ಕೂರುತ್ತಾನೆ. ನ್ಯಾಯದ ಬಟ್ಟಲಿನ ಬದಲು ನಮ್ಮಲ್ಲಿ ಮೂತಿಯಿರುವ ಸ್ಟೀಲ್ ಜಗ್ಗು. ಒಂದೇ ಎಲೆಗೆ ನಾಲ್ಕನೇ ಸಲ ನೀರು ಬೀಳುವುದನ್ನು ನೋಡಿ ಅವನು ಟೀ ಗಾಡಿಯ ಲೆಕ್ಕ ತೆಗೆದ. "ಇದ್ನ ಯಾವೋನೂ ಯಾಪಾರ ಮಾಡಕಾಗಾಕಿಲ್ಲ ಕಣ್ಲಾ ಮಗ. ಒಂದ್ಸಲ ಸೊಪ್ಪು ಹಾಕುಸ್ಕೊಂಡೋನು ಬರೀ ಬಿಸ್ನೀರು ಕೇಳ್ಕಂಡು ಸಾಯಂಕಾಲದ್ಗಂಟ ಬೆಂಚ್ ಮ್ಯಾಲೇ ಕೂತ್ಕತ್ತಾನೆ. ಕಾಸು ಬರೋದಿದ್ರೆ ಬೆಂಚಿಗೆ ಬಾಡ್ಗೆ ಕೇಳ್ಬೇಕು ಅಷ್ಟೇಯ" ಎಂದು, ಖಾಲಿ ಲೋಟವನ್ನು ಜಗ್ಗಿನ ಕಡೆಗೆ ತಳ್ಳಿದ.